ಹೊತ್ತಿನ ಜೊತೆಗೆ ಹೋದವಳು

ಎಡಗಾಲಿನ ಹುಲ್ಲುಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬಲಗಾಲಿನದು ಕಳಚದಂತೆ ಬೆರಳು ಬಿಗಿಮಾಡಿಕೊಂಡು ಫುಮಿ ಗುಡ್ಡ ಹತ್ತಿ ಓಡುತ್ತಿದ್ದಳು. ಮೇಲೆ, ದೇವದಾರು ಮರಗಳ ಕಪ್ಪಿನ ನಡುವೆ, ಏಳು ಬಿಳಿ ತಲೆವಸ್ತ್ರಗಳು ಒಂದರ ಹಿಂದೊಂದು ಕುಲುಕುತ್ತ ಹೋಗುತ್ತಿದ್ದವು. ಆ ತಲೆವಸ್ತ್ರಗಳ ಒಡತಿಯರೆಲ್ಲ ಅರವತ್ತು ದಾಟಿದವರು. ಇಪ್ಪತ್ನಾಲ್ಕರ ತನಗೆ ಅವರನ್ನು ಹಿಡಿಯಲಾಗುತ್ತಿಲ್ಲ ಎಂಬುದು ಏದುಸಿರಿಗಿಂತ ಹೆಚ್ಚು ಅವಳನ್ನು ಕಾಡುತ್ತಿತ್ತು. ಚಪ್ಪಲಿಯ ಹುರಿ ಕಿತ್ತದ್ದು ಸೇತುವೆಯ ಹತ್ತಿರ. ಕಿತ್ತಾಗ ಮೊದಲು ಹೊಳೆದದ್ದು, ಸದ್ಯ, ಇನ್ನು ವಾಪಸು ಹೋಗಬಹುದಲ್ಲ ಎಂದು. ಆ ಯೋಚನೆ ಎಷ್ಟು ಸಲೀಸಾಗಿ, ಎಷ್ಟು ನಗುಮುಖದಿಂದ ಬಂತೆಂದರೆ ಅವಳಿಗೇ ನಾಚಿಕೆಯಾಗಿ ಓಡತೊಡಗಿದ್ದಳು. ಆಕಾಶದ ಪೂರ್ವದ ಅಂಚು ಮೀನಿನ ಹೊಟ್ಟೆಯ ಬಣ್ಣಕ್ಕೆ ತಿರುಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಎದುರಿನ ಬೆಟ್ಟದ ಹಲ್ಲಿನಂಥ ಸಾಲಿನಿಂದ ಸೂರ್ಯ ಏಳುವ ಹೊತ್ತು, ಏಳುವಾಗ ತಾನು ಅಲ್ಲಿರಬೇಕು. ಇರದಿದ್ದರೆ ಅತ್ತೆಯ ಇಪ್ಪತ್ತು ವರ್ಷ ಈ ಹುರಿಯ ಹಾಗೆಯೇ ಕಿತ್ತುಹೋಗುತ್ತದೆ.

ಮೇಲೆ ತಲುಪಿದಾಗ ತೋಫು ಮಾರುವ ತಾಕಿ ಅವಳ ಕೈಯಲ್ಲಿದ್ದ ಚಪ್ಪಲಿ ನೋಡಿ, ಸೂರ್ಯದೇವಿ ಹೊತ್ತಮ್ಮನಿಗೆ ಕಾಣಿಕೆ ತಂದೆಯಾ ಎಂದು ಕೇಳಿದಳು. ಎಲ್ಲರೂ ನಕ್ಕರು. ತಾಕಿ ನಗುವಾಗ ಅವಳ ದೊಡ್ಡ ಮೈ ನಕ್ಕು ಮುಗಿಸುವುದಕ್ಕೆ ಇನ್ನಷ್ಟು ಸಮಯ ಹಿಡಿಯುತ್ತಿತ್ತು. ಅವಳೇ ತನ್ನ ಸೊಂಟದಿಂದ ಇನ್ನೊಂದು ಜೊತೆ ಚಪ್ಪಲಿ ಬಿಚ್ಚಿ ಕೊಟ್ಟಳು. ಎಲ್ಲರ ಸೊಂಟದಲ್ಲೂ ಎರಡೆರಡು ಜೊತೆ ಜೋತಾಡುತ್ತಿದ್ದವು. ದಿನವಿಡೀ ನಡೆಯುವವರಿಗೆ ಅಷ್ಟು ಬೇಕು ಎಂದು ಫುಮಿಗೆ ಯಾರೂ ಹೇಳಿರಲಿಲ್ಲ, ಅಥವಾ ಅತ್ತೆ ಹೇಳಿದ್ದಳು, ಫುಮಿ ಕೇಳಿಸಿಕೊಂಡಿರಲಿಲ್ಲ. ಕೊಳದ ಮನೆಯ ಮಸು ಮಾತ್ರ ನಗದೆ, ಗಾಣದ ಮನೆಯವರು ಯಾವಾಗಲೂ ಕೊನೆಗಳಿಗೆಯವರೇ ಎಂದು ಮರಕ್ಕೆ ಹೇಳುವಂತೆ ಹೇಳಿದಳು.

ಹಗಲೂ ರಾತ್ರಿಯೂ ಒಂದೇ ತೂಕಕ್ಕೆ ಬರುವ ಈ ದಿನ ಊರಿನ ಮನೆಯೊಡತಿಯರು ಬುತ್ತಿ ಕಟ್ಟಿಕೊಂಡು ಸೂರ್ಯನ ಜೊತೆಗೆ ಹೋಗುತ್ತಾರೆ: ಮುಂಜಾನೆ ಪೂರ್ವದ ಗುಡ್ಡ, ನಡುಹಗಲಿಗೆ ದಕ್ಷಿಣದ ದೇವಾಲಯ, ಸಂಜೆಗೆ ಪಶ್ಚಿಮದ ಪೈನ್ ಗುಡ್ಡ. ಅಂದು ಸೊಸೆಯರಿಗೆ ರಜೆ. ಕಳೆದ ವರ್ಷ, ಮದುವೆಯಾಗಿ ಬಂದ ಮೊದಲ ವಸಂತದಲ್ಲಿ, ಅತ್ತೆ ಕುರಾ ಹೊರಗೆ ಕಾಲಿಟ್ಟ ಕೂಡಲೇ ಫುಮಿ ಚಾಪೆಯ ಮೇಲೆ ಕೈಕಾಲು ಚೆಲ್ಲಿ ಮಲಗಿದ್ದಳು, ಎದ್ದದ್ದು ಸಂಜೆ. ವರ್ಷವಿಡೀ ಅವಳು ಆ ನಿದ್ದೆಯನ್ನು ನೆನೆದುಕೊಂಡಿದ್ದಳು, ಬೇರೆ ಹೆಂಗಸರು ತವರನ್ನು ನೆನೆಯುವ ಹಾಗೆ. ಈ ವರ್ಷ ಮೊನ್ನೆ ಬೆಳಿಗ್ಗೆ ಕುರಾ ಹಿತ್ತಲ ಕಲ್ಲುಮೆಟ್ಟಿಲ ಮೇಲೆ ಜಾರಿ ಪಾದ ಉಳುಕಿಸಿಕೊಂಡಳು. ಅಲ್ಲಿ ಅಕ್ಕಿ ತೊಳೆದ ನೀರು ಚೆಲ್ಲಿದ್ದು ಫುಮಿ. ಒರೆಸಬೇಕು ಅಂದುಕೊಂಡು, ಒಲೆ ಕರೆದದ್ದರಿಂದ ಒಳಗೆ ಹೋಗಿದ್ದಳು. ಬಿದ್ದ ಶಬ್ದ ಕೇಳಿದಾಗ ಅವಳೊಳಗೆ ಏನೋ ಒಂದು, ಒಂದು ಕ್ಷಣ ಮಾತ್ರ, ಹಗುರಾಗಿ ಕುಣಿದಿತ್ತು. ಅದನ್ನು ಅವಳು ಯಾರಿಗೂ ಹೇಳಲಾರಳು. ಕುರಾ ಕಾಲು ಮಡಚಿ ಕೂತು ಮೊದಲು ಕೇಳಿದ್ದು ವೈದ್ಯನನ್ನಲ್ಲ. ನಾಡಿದ್ದು ನೀನು ಹೋಗ್ತೀಯಾ ಎಂದು ಕೇಳಿದ್ದಳು.

ಇಪ್ಪತ್ತೊಂದು ವಸಂತ ಒಂದೂ ತಪ್ಪದೆ ನಡೆದವಳಿಗೆ ಕನ್ನಡಿ ಬರುತ್ತದೆ. ಅಂಗೈಯಷ್ಟು ಅಗಲದ ಕಂಚಿನ ಕನ್ನಡಿ, ಹಿಂದೆ ಕೊಕ್ಕರೆಗಳ ಚಿತ್ರ. ಅದು ಯಾರ ಎದೆಯಲ್ಲಿದೆಯೋ ಅವಳೇ ಸಾಲಿನ ಮುಂದೆ. ಈಗ ಅದು ಎಪ್ಪತ್ತೊಂಬತ್ತರ ಇಸೊ ಅಜ್ಜಿಯ ಹತ್ತಿರ ಇದೆ, ಅಜ್ಜಿಯ ಕಣ್ಣು ಮಸುಕಾಗಿದೆ, ಈ ವರ್ಷ ಕೊಟ್ಟುಬಿಡುತ್ತೇನೆ ಎಂದಿದ್ದಾಳೆ. ಕುರಾಗೆ ಇದು ಇಪ್ಪತ್ತೊಂದನೆಯದು, ಮಸುಗೆ ಇಪ್ಪತ್ತನೆಯದು. ಕಾಯಿಲೆ ಬಿದ್ದವಳ ಬದಲು ಮನೆಯವಳೊಬ್ಬಳು ನಡೆಯಬಹುದು, ಅಡ್ಡಿಯಿಲ್ಲ. ಆದರೆ ಹುಟ್ಟಿನಿಂದ ಮುಳುಗಿನವರೆಗೆ ಯಾವ ಚಾವಣಿಯ ಕೆಳಗೂ ಹೋಗಕೂಡದು, ಮೂರು ಕಡೆಯೂ ಕನ್ನಡಿಯ ಬೆಳಕನ್ನು ಮುಖಕ್ಕೆ ತೆಗೆದುಕೊಳ್ಳಬೇಕು. ಒಂದು ತಪ್ಪಿದರೂ ಲೆಕ್ಕ ಮತ್ತೆ ಒಂದರಿಂದ. ಅರವತ್ತೆರಡರ ಕುರಾಗೆ ಮತ್ತೆ ಒಂದರಿಂದ ಎಂದರೆ ಏನೆಂದು ಫುಮಿ ನಿನ್ನೆ ರಾತ್ರಿ ಮಲಗಿಕೊಂಡು ಕೂಡಿ ನೋಡಿದ್ದಳು. ಪಕ್ಕದಲ್ಲಿ ಗಂಡ ಯೋಸಾಕು, ಒಂದು ದಿನ ನಡೆಯುವುದಕ್ಕೆ ಇಷ್ಟೊಂದು ಹೊರಳಾಡಬೇಕಾ ಎಂದು ಗೊಣಗಿ ಗೊರಕೆ ಹೊಡೆದಿದ್ದ.

ಅದು ಎದ್ದಿತು. ಮೊದಲು ಒಂದು ಗೆರೆ, ಆಮೇಲೆ ಉಗುರು, ಆಮೇಲೆ ನೋಡಲಾಗದ್ದು. ಮುದುಕಿಯರು ಎರಡು ಸಲ ಚಪ್ಪಾಳೆ ತಟ್ಟಿದರು. ಇಸೊ ಅಜ್ಜಿ ಕನ್ನಡಿಯನ್ನು ಎದೆಯಿಂದ ತೆಗೆದು ಬಿಸಿಲಿಗೆ ಹಿಡಿದು ತಿರುಗಿಸಿದಳು. ಬೆಳಕಿನ ಒಂದು ತುಂಡು ಮರಗಳ ಮೇಲೆ ಹಾರಿ, ತಾಕಿಯ ಗಲ್ಲದ ಮೇಲೆ ಕೂತು, ಮಸುವಿನ ಮುಚ್ಚಿದ ತುಟಿಯ ಮೇಲೆ ಜಾರಿ, ಫುಮಿಯ ಕಣ್ಣಿಗೆ ಬಿತ್ತು. ಏನೋ ಆಗಬೇಕಿತ್ತು ಎಂದು ಅವಳು ಕಾದಳು. ಮೂಗಿನ ತುದಿ ಬೆಚ್ಚಗಾಯಿತು, ಸೀನು ಬಂತು. ಬೆಳಕು ಬಿದ್ದು ಬಂದ ಸೀನು ಬುದ್ಧಿವಂತರ ಸೀನು ಎಂದಳು ತಾಕಿ. ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ಕೂತು ಹೂರಣ ಹೊದಿಸಿದ ಅನ್ನದುಂಡೆ ತಿಂದರು. ಫುಮಿಯ ಬುತ್ತಿಯನ್ನು ಕುರಾಳೇ ಕಟ್ಟಿದ್ದಳು, ಅಡಿಗೆಮನೆಯ ನೆಲದ ಮೇಲೆ ಕೂತು ಸರಿದಾಡುತ್ತ. ಒಂದು ಉಂಡೆ ಹೆಚ್ಚಿಗಿತ್ತು. ಅದು ತನಗೆ ಸಲ್ಲಬೇಕಾದದ್ದಲ್ಲ ಎಂದು ಫುಮಿಗೆ ಅನಿಸಿತು, ಆದರೆ ಸಿಹಿ ಹದವಾಗಿದ್ದುದರಿಂದ ಸಲೀಸಾಗಿಯೇ ಇಳಿಯಿತು.

ದಕ್ಷಿಣಕ್ಕೆ ಇಳಿಯುವ ದಾರಿಯುದ್ದಕ್ಕೂ ಸಾಸಿವೆ ಹೂವು. ಗಾಳಿ ಬಂದಾಗ ಇಡೀ ಹಳದಿ ಒಂದು ಮಗ್ಗುಲಿಗೆ ಹೊರಳಿ ಮತ್ತೆ ಈ ಮಗ್ಗುಲಿಗೆ ಬರುತ್ತಿತ್ತು. ಮುದುಕಿಯರು ಸೊಸೆಯರ ಬಗ್ಗೆ ಮಾತಾಡುತ್ತಿದ್ದರು, ನಡುವೆ ಒಬ್ಬ ಸೊಸೆ ಇದ್ದಾಳೆಂಬ ಪರಿವೆಯೇ ಇಲ್ಲದೆ, ಅಥವಾ ಇದ್ದಾಳೆಂದೇ. ಒಬ್ಬಳ ಸೊಸೆ ಮೂಲಂಗಿಯನ್ನು ಹೆಬ್ಬೆರಳಷ್ಟು ದಪ್ಪಕ್ಕೆ ಹೆಚ್ಚುತ್ತಾಳೆ. ಇನ್ನೊಬ್ಬಳ ಸೊಸೆ ಸ್ನಾನದ ನೀರು ಕಾಯಿಸಿಟ್ಟು ತಾನೇ ಮೊದಲು ಕೈ ಅದ್ದಿ ನೋಡುತ್ತಾಳೆ, ಕೈಯೋ, ಮೊಣಕೈಯೋ, ಯಾರು ಕಂಡರು. ಫುಮಿ ಪ್ರತಿಯೊಂದು ದೂರಿನಲ್ಲೂ ತನ್ನನ್ನು ಹುಡುಕುತ್ತಿದ್ದಳು. ಸಿಕ್ಕಾಗ ಕಿವಿ ಬಿಸಿಯಾಗುತ್ತಿತ್ತು, ಸಿಗದಿದ್ದಾಗ ಸಣ್ಣ ನಿರಾಸೆ. ಕುರಾ ತನ್ನ ಬಗ್ಗೆ ಇಷ್ಟು ವರ್ಷ ಈ ದಾರಿಯಲ್ಲಿ, ಅಲ್ಲ, ಇಷ್ಟು ವರ್ಷವೇನು, ಕಳೆದ ಒಂದೇ ವರ್ಷ, ಏನು ಹೇಳಿದ್ದಳೋ. ಧೈರ್ಯ ಮಾಡಿ ತಾಕಿಯನ್ನು ಕೇಳಿದಳು. ತಾಕಿ ಬೆವರು ಒರೆಸಿಕೊಂಡು ನೆನಪು ಮಾಡಿಕೊಂಡಳು. ಏನೂ ಹೇಳಲಿಲ್ಲ, ಕುರಾ ನಡೆಯುವಾಗ ಮಾತೇ ಆಡಲ್ಲ, ಎತ್ತಿನ ಹಾಗೆ ನಡೀತಾಳೆ. ಫುಮಿಗೆ ಇದು ಎಲ್ಲ ದೂರುಗಳಿಗಿಂತ ಭಾರವೆನಿಸಿತು.

ಆಮೇಲೆ ತಾಕಿ ಗುಹೆಯ ಕಥೆ ಎತ್ತಿದಳು. ತನ್ನ ತಮ್ಮನೇ ಗದ್ದೆಯ ಬದು ಒಡೆದು ಗಲಾಟೆ ಮಾಡಿದನೆಂದು ಹೊತ್ತಮ್ಮ ಸಿಟ್ಟಾಗಿ ಗುಹೆಗೆ ಹೋಗಿ ಬಂಡೆ ಎಳೆದುಕೊಂಡದ್ದು, ಲೋಕವೆಲ್ಲ ಕತ್ತಲಾದದ್ದು, ದೇವತೆಗಳು ಹೊರಗೆ ಕುಣಿದು ನಕ್ಕು ಅವಳಿಗೆ ಕುತೂಹಲ ಹುಟ್ಟಿಸಿದ್ದು, ಬಾಗಿಲ ಸಂದಿಯಲ್ಲಿ ಕನ್ನಡಿ ಹಿಡಿದು ಅವಳನ್ನು ಹೊರಗೆ ಬರಿಸಿದ್ದು. ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಕಥೆ. "ಸಿಟ್ಟೂ ಇಲ್ಲ, ಗಿಟ್ಟೂ ಇಲ್ಲ ಕಣೇ," ಎಂದಳು ತಾಕಿ. "ದಿನಾ ಎದ್ದು ದಿನಾ ಅದೇ ದಾರಿ. ಸಾಕಾಗಿತ್ತು ಅವಳಿಗೆ. ಒಂದಿನ ಬಾಗಿಲು ಹಾಕ್ಕೊಂಡು ಮಲಗಿದಳು, ಅಷ್ಟೇ. ಅಷ್ಟಕ್ಕೇ ಎಂಬತ್ತು ಲಕ್ಷ ದೇವರು ಬಂದು ಬಾಗಿಲು ಬಡಿದರು, ಎದ್ದೇಳು, ಒಲೆ ಹಚ್ಚು ಅಂತ." ಇಸೊ ಅಜ್ಜಿ ಮುಂದಿನಿಂದಲೇ, ದೇವರ ವಿಷಯ ಹಾಗೆಲ್ಲ ಆಡಬಾರದು ಎಂದಳು, ಆದರೆ ಅವಳ ಬೆನ್ನು ನಗುತ್ತಿತ್ತು. ಫುಮಿ ತಲೆಯೆತ್ತಿ ನೋಡಿದಳು. ಮೇಲೆ ಅದು ಒಂಟಿಯಾಗಿ, ಬೆವರದೆ, ಒಂದು ಮೋಡದ ಆಸರೆಯೂ ಇಲ್ಲದೆ ನಡೆಯುತ್ತಿತ್ತು. ಮೊದಲ ಬಾರಿಗೆ ಅವಳಿಗೆ ಅದರ ಬಗ್ಗೆ ಒಂದು ಸಲಿಗೆ ಹುಟ್ಟಿತು. ಒಂದೇ ಮನೆಗೆ ಬಂದ ಹಿರಿಯ ಸೊಸೆಯ ಬಗ್ಗೆ ಹುಟ್ಟುವಂಥದ್ದು.

ದೇವಾಲಯದ ಅಂಗಳ ತಲುಪಿದಾಗ ನೆರಳು ಇನ್ನೂ ಒಂದು ಮೊಳ ಸರಿಯಬೇಕಿತ್ತು. ನಡುಹಗಲಿಗೆ ಸಮಯವಿದೆ, ನೀರು ತುಂಬಿಕೊಂಡು ಬಾ ಎಂದು ಬಿದಿರಿನ ಕೊಳವೆಗಳನ್ನು ಕೊಟ್ಟರು. ಚಿಲುಮೆ ಹಿಂದುಗಡೆ, ಅರ್ಚಕರ ಸೌದೆ ಕೊಟ್ಟಿಗೆಯ ಪಕ್ಕ. ಫುಮಿ ಎಂಟು ಕೊಳವೆ ತುಂಬಿಸಿದಳು, ಕಾಲು ತೊಳೆದಳು, ಗುಳ್ಳೆ ಎದ್ದ ಹೆಬ್ಬೆರಳನ್ನು ಒತ್ತಿ ನೋಡಿದಳು. ಕೊಟ್ಟಿಗೆಯಲ್ಲಿ ಭತ್ತದ ಹುಲ್ಲಿನ ಹೊರೆಗಳು ಒಣಗಿ ಬೆಚ್ಚಗಾಗಿ ಒಂದು ತರಹದ ವಾಸನೆ ಬಿಡುತ್ತಿದ್ದವು, ತವರಿನ ಅಟ್ಟದ ವಾಸನೆ. ಅಣ್ಣಂದಿರಿಂದ ತಪ್ಪಿಸಿಕೊಂಡು ಮಲಗುತ್ತಿದ್ದ ಅಟ್ಟ, ಅಮ್ಮ ಕರೆದರೂ ಓ ಅನ್ನದೆ, ಕರೆದದ್ದು ಕೇಳಿಸಿತು ಎಂಬುದೇ ಸುಖವಾಗಿ. ಅವಳು ಅಂಚಿಗೆ ಮಾತ್ರ ಕೂತಳು. ಕಾಲು ಹೊರಗೆ, ಬಿಸಿಲಲ್ಲಿ. ಕಾಲು ಬಿಸಿಲಲ್ಲಿದ್ದರೆ ಚಾವಣಿಯ ಕೆಳಗೆ ಹೋದಂತಲ್ಲ ಎಂದು ಯಾರಿಗೋ ವಾದಿಸಿದಳು, ಆ ಯಾರೋ ಒಪ್ಪಿಕೊಂಡರು. ಬೆನ್ನು ಹುಲ್ಲಿಗೆ ಒರಗಿತು. ಎಲ್ಲೋ ಒಂದು ಹಕ್ಕಿ ರಾಗ ಎಳೆದು ತಪ್ಪಿಸಿ ಮತ್ತೆ ಮೊದಲಿನಿಂದ ಎಳೆಯಿತು, ಇನ್ನೂ ಕಲಿಯುತ್ತಿದ್ದ ಹಕ್ಕಿ. ಅದು ಸರಿಯಾಗಿ ಮುಗಿಸುವುದನ್ನು ಕೇಳಿ ಎದ್ದುಬಿಡುತ್ತೇನೆ ಎಂದುಕೊಂಡಳು.

ಎದ್ದಾಗ ಬಿಸಿಲು ಕಾಲಿನ ಮೇಲೆ ಇರಲಿಲ್ಲ. ಕೊಟ್ಟಿಗೆಯ ನೆರಳು ಚಿಲುಮೆಯ ಆಚೆ ದಡಕ್ಕೆ ಹೋಗಿ ಕೂತಿತ್ತು. ಅಂಗಳದಿಂದ ಚಪ್ಪಾಳೆಯಲ್ಲ, ಚಪ್ಪಾಳೆ ಮುಗಿದ ಮೇಲಿನ ಹರಟೆ ಕೇಳುತ್ತಿತ್ತು. ಏನಾಯಿತೆಂದು ಅವಳಿಗೆ ಗೊತ್ತಾಯಿತು, ಗೊತ್ತಾದರೂ ಮೈ ಮಾತ್ರ ಎಷ್ಟು ತೃಪ್ತಿಯಿಂದಿತ್ತೆಂದರೆ, ಬೆಕ್ಕಿನ ಹಾಗೆ ಒಮ್ಮೆ ಮುರಿದುಕೊಳ್ಳದೆ ಏಳಲಾಗಲಿಲ್ಲ. ಆ ಮೈಮುರಿತವನ್ನು ಅವಳು ಆಮೇಲೆ ದಾರಿಯುದ್ದಕ್ಕೂ ಕ್ಷಮಿಸಿಕೊಳ್ಳಲಾರದೆ ಹೋದಳು. ಕೂದಲಿನಿಂದ ಹುಲ್ಲು ಕಿತ್ತು, ಎಂಟು ಕೊಳವೆ ತಬ್ಬಿಕೊಂಡು ಓಡಿ, ಗುಂಪಿನ ಹಿಂದೆ, ಮೊದಲಿಂದಲೂ ಅಲ್ಲೇ ಇದ್ದವಳಂತೆ ನಿಂತಳು. ಇಸೊ ಅಜ್ಜಿ ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಆಗ ಮಸು ತಿರುಗಿ, ಬೆಳಕು ಹಾಕುವಾಗ ಗಾಣದ ಮನೆಯ ಸೊಸೆ ಎಲ್ಲಿದ್ದಳು, ನಾನಂತೂ ಕಾಣಲಿಲ್ಲ ಎಂದಳು.

"ನನ್ನ ಹಿಂದೆ ಇದ್ದಳು," ಎಂದಳು ತಾಕಿ. "ನನ್ನ ಹಿಂದೆ ನಿಂತರೆ ಬೆಟ್ಟಾನೂ ಕಾಣಲ್ಲ ನಿನಗೆ."

ಎಲ್ಲರೂ ನಕ್ಕರು. ಮಸು ಫುಮಿಯನ್ನೇ ನೋಡುತ್ತಿದ್ದಳು, ತಲೆಯಲ್ಲಿ ಹುಲ್ಲು ಇನ್ನೂ ಇದ್ದರೂ ಇರಬಹುದು. ಹೌದೇನೇ ಎಂದು ಕೇಳಿದಳು. ಫುಮಿ ತಲೆಯಾಡಿಸಿದಳು. ಆಡಿಸಿದ್ದು ತುಂಬ ಸಣ್ಣಗೆ. ಅದು ಹೌದೂ ಆಗಬಹುದು, ಕತ್ತು ನೋವೂ ಆಗಬಹುದು. ನಂತರ ಎಲ್ಲರಿಗೂ ನೀರು ಹಂಚಿದಳು. ತಾಕಿಗೆ ಕೊಡುವಾಗ ಅವಳ ಮುಖ ನೋಡಲಿಲ್ಲ. ತಾಕಿ ಅರ್ಧ ಕುಡಿದು, ಒಳ್ಳೆ ನಿದ್ದೆ ಬಂತಾ ಎಂದು ತುಟಿ ಅಲ್ಲಾಡದ ಹಾಗೆ ಕೇಳಿದಳು.

ಪಶ್ಚಿಮಕ್ಕೆ ಹೋಗುವ ದಾರಿ ಹೊಳೆಯ ಪಕ್ಕದ್ದು, ಸಮತಟ್ಟು, ಎಲ್ಲಕ್ಕಿಂತ ಸುಲಭ. ನೆರಳು ಈಗ ಹಿಂದೆ ಬಿದ್ದು, ಬೆಳೆಯುತ್ತ, ಸೆರಗು ಹಿಡಿದ ಮಗುವಿನ ಹಾಗೆ ಬರುತ್ತಿತ್ತು. ಹೇಳಬೇಕು, ಎಂದು ಒಂದು ಹೆಜ್ಜೆ. ಹೇಳಿದರೆ ತಾಕಿ ಸುಳ್ಳಿ ಆಗುತ್ತಾಳೆ, ಎಂದು ಇನ್ನೊಂದು. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಸೂರ್ಯ ಅಲ್ಲೇ ಇದ್ದಾನೆ, ಅಥವಾ ಇದ್ದಾಳೆ, ಬಿದ್ದುಹೋಗಿಲ್ಲ. ತವರೂರಿನ ಶಾಲೆಯ ಮೇಷ್ಟ್ರು ಕಿತ್ತಳೆಹಣ್ಣಿನ ಸುತ್ತ ಇನ್ನೊಂದು ಹಣ್ಣು ತಿರುಗಿಸಿ, ನಡೆಯುವುದು ಸೂರ್ಯನಲ್ಲ, ನಾವು ಎಂದಿದ್ದರು. ಹಾಗಾದರೆ ಮಲಗಿದ್ದರೂ ತಾನು ನಡೆಯುತ್ತಲೇ ಇದ್ದೆನಲ್ಲ, ಹುಲ್ಲಿನ ಹೊರೆಯ ಸಮೇತ. ಈ ವಾದ ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ನಗು ಬಂತು, ನಗುವಿನ ಕೊನೆಯಲ್ಲಿ ಅಡಿಗೆಮನೆಯ ನೆಲದ ಮೇಲೆ ಸರಿದಾಡುತ್ತ ಅನ್ನ ಉಂಡೆ ಕಟ್ಟುತ್ತಿದ್ದ ಕುರಾ ಇದ್ದಳು. ಕುರಾಗೆ ಹಣ್ಣಿನ ಲೆಕ್ಕ ಹೇಳಿದರೆ, ಸರಿ, ಹಣ್ಣು ತಿನ್ನು ಅನ್ನುತ್ತಾಳೆ. ಇಪ್ಪತ್ತು ವರ್ಷ. ಗಂಡ ಸತ್ತ ವರ್ಷವೂ ನಡೆದಿದ್ದಳಂತೆ, ಸೂತಕದ ನಲವತ್ತೊಂಬತ್ತನೇ ದಿನ ಕಳೆದ ಮಾರನೆಯ ಬೆಳಿಗ್ಗೆ. ಕಾಲುವೆ ಹಾರುವಾಗ ಎಲ್ಲರೂ ಫುಮಿಯ ಕೈ ಹಿಡಿದು ಹಾರಿದರು. ಏಳು ಒಣ ಕೈಗಳು ಒಂದಾದ ಮೇಲೊಂದು. ಮಸುವಿನದು ಅವಳು ಅಂದುಕೊಂಡದ್ದಕ್ಕಿಂತ ಬೆಚ್ಚಗಿತ್ತು. ಗಾಳಿ ಚೆನ್ನಾಗಿತ್ತು. ಇಂಥ ದಿನ ತಪ್ಪು ಮಾಡಿದವಳಿಗೂ ಚೆನ್ನಾಗಿಯೇ ಇರುತ್ತದೆ ಎಂಬುದು ಅವಳಿಗೆ ಸ್ವಲ್ಪ ಅನ್ಯಾಯವೆನಿಸಿತು.

ಪೈನ್ ಗುಡ್ಡದ ಮೇಲೆ ಮುದುಕಿಯರು ಅಕ್ಕಿಯ ಮದ್ಯ ಸಾಕೆಯನ್ನು ಹಂಚಿಕೊಂಡರು, ಒಬ್ಬೊಬ್ಬರಿಗೆ ಒಂದು ಗುಟುಕು. ತಾಕಿಗೆ ಎರಡು. ಹೊತ್ತು ಇಳಿಯಿತು, ಕೆಂಪಗೆ, ಒಳ್ಳೆಯ ಊಟ ಮಾಡಿದವಳ ಹಾಗೆ ನಿಧಾನವಾಗಿ. ಕನ್ನಡಿಯ ಕೊನೆಯ ಬೆಳಕು ಮುಖದಿಂದ ಮುಖಕ್ಕೆ ಹೋಯಿತು. ಫುಮಿಯ ಮೇಲೆ ಬಿದ್ದಾಗ ಅವಳು ಕಣ್ಣು ಮುಚ್ಚಲಿಲ್ಲ, ಕಣ್ಣೀರು ಬರುವವರೆಗೆ ತೆರೆದೇ ಇಟ್ಟಳು, ಮಧ್ಯಾಹ್ನದ್ದನ್ನೂ ಸೇರಿಸಿ ತೆಗೆದುಕೊಳ್ಳಬಹುದೇನೋ ಎಂಬ ದುರಾಸೆಯಿಂದ. ಎಲ್ಲ ಮುಗಿದು ಉಳಿದವರು ಇಳಿಯತೊಡಗಿದಾಗ ಇಸೊ ಅಜ್ಜಿ ಅವಳನ್ನು ಹತ್ತಿರ ಕರೆದು, ಬಟ್ಟೆಯ ಗಂಟನ್ನು ಅವಳ ಕೈಗಿಟ್ಟಳು. ನಿನ್ನ ಅತ್ತೆಗೆ ಕೊಡು, ಇಪ್ಪತ್ತೊಂದಾಯಿತು ಅನ್ನು. ಗಂಟು ಇನ್ನೂ ಬೆಚ್ಚಗಿತ್ತು, ಎದೆಯದೋ ಬಿಸಿಲಿನದೋ. ಫುಮಿ ಅದನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದಳು. ಹುಲ್ಲು, ಚಾವಣಿ, ಹಕ್ಕಿ, ಕಲ್ಲುಮೆಟ್ಟಿಲ ಮೇಲಿನ ಅಕ್ಕಿನೀರು. ತಾಕಿಯ ಹೆಸರು ಮಾತ್ರ ಹೇಳಲಿಲ್ಲ. ಹೇಳುತ್ತ ಹೇಳುತ್ತ ತನ್ನ ದನಿ ತನಗೇ ಹಿಡಿಸುತ್ತಿದೆ ಎಂದು ಗಮನಿಸಿ ಗಕ್ಕನೆ ನಿಂತಳು.

ಅಜ್ಜಿ ಅವಳ ಮುಖವಿದೆ ಎಂದುಕೊಂಡ ಕಡೆಗೆ ನೋಡಿದಳು, ಅದು ಕಿವಿಯ ಕಡೆಗಿತ್ತು. "ಇಷ್ಟು ವರ್ಷ ನಾನೇ ಬೆಳಕು ಹಾಕಿದ್ದು. ಯಾರ ಮುಖಕ್ಕೆ ಬಿತ್ತು, ಯಾರ ಮುಖಕ್ಕೆ ಬೀಳಲಿಲ್ಲ ಅಂತ ಹತ್ತು ವರ್ಷದಿಂದ ಈ ಕಣ್ಣಿಗೆ ಕಂಡೇ ಇಲ್ಲ. ಅಂದಾಜಿನ ಮೇಲೆ ತಿರುಗಿಸ್ತೀನಿ. ತಗೊಂಡು ಹೋಗು. ಬೀಳಿಸಬೇಡ." ಆಮೇಲೆ ಅಕ್ಕಿನೀರಿನ ಬಗ್ಗೆ, ಮೆಟ್ಟಿಲು ಇಳಿಯುವವರು ಕಾಲ ಕೆಳಗೆ ನೋಡಬೇಕು ಎಂದು ಮಾತ್ರ ಹೇಳಿ, ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಗುಡ್ಡ ಇಳಿದಳು.

ಊರು ಹತ್ತಿರವಾದಂತೆ ಫುಮಿ ಹಗುರಾಗುತ್ತ ಹೋದಳು. ಹೇಳಿಯಾಗಿದೆ, ಕ್ಷಮೆಯೂ ಸಿಕ್ಕಂತಾಗಿದೆ, ಕನ್ನಡಿಯೂ ಎದೆಯಲ್ಲಿದೆ. ನಡೆಯುವಾಗ ಅದು ಪಕ್ಕೆಲುಬಿಗೆ ತಟ್ಟುತ್ತಿತ್ತು. ಅತ್ತೆಯ ಮುಂದೆ ಆಡಬೇಕಾದ ಮಾತನ್ನು ಕಟ್ಟಿಕೊಂಡಳು: ಇಪ್ಪತ್ತೊಂದಾಯಿತು, ಅಮ್ಮ. ಅಷ್ಟೇ, ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ, ಅಜ್ಜಿ ಹೇಳಿಕಳಿಸಿದ್ದನ್ನು ತಲುಪಿಸುವುದು. ಕುರಾ ಕನ್ನಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಳ್ಳುವುದನ್ನು, ಅವಳ ಆ ಒಣ ಮುಖ ಒಂದು ಸಲ ಸಡಿಲಾಗುವುದನ್ನು ಫುಮಿ ಕಂಡಳು, ಎಷ್ಟು ಸ್ಪಷ್ಟವಾಗಿ ಎಂದರೆ, ಬಾಗಿಲಿಗೆ ಬರುವಷ್ಟರಲ್ಲಿ ಅದು ಆಗಿಹೋದ ಹಾಗೆಯೇ ಇತ್ತು.

ಕುರಾ ಒಳಗಿರಲಿಲ್ಲ. ಮನೆಯ ಪಡುವಣ ಜಗಲಿಯ ತುದಿಯಲ್ಲಿ, ಸೂರಿನ ಆಚೆಗೆ, ಅಂಗಳದಲ್ಲಿ ಚಾಪೆ ಹಾಸಿ ಕೂತಿದ್ದಳು. ಬೆಳಿಗ್ಗೆ ಮೂಡಣ ಅಂಗಳದಲ್ಲಿ ಕೂತವಳು ಹೊತ್ತಿನ ಜೊತೆ ಚಾಪೆ ಎಳೆದುಕೊಂಡು ಸುತ್ತು ಹಾಕಿ ಇಲ್ಲಿಗೆ ಬಂದಿದ್ದಾಳೆಂದು, ಊಟಕ್ಕೂ ಒಳಗೆ ಬರಲಿಲ್ಲವೆಂದು, ಯೋಸಾಕು ಬಾಗಿಲಲ್ಲೇ ದೂರು ಹೇಳಿದ. ಉಳುಕಿದ ಕಾಲು ಕುಂಬಳಕಾಯಿಯಾಗಿತ್ತು, ಮುಖ ಬಿಸಿಲಿಗೆ ತಾಮ್ರವಾಗಿತ್ತು. ಫುಮಿ ಮಂಡಿಯೂರಿ, ಬಂದೆ, ಅಮ್ಮ ಎಂದಳು. ಕುರಾ ಅವಳ ಕಾಲು ನೋಡಿದಳು. ಗುಳ್ಳೆಗೆ ಏನು ಹಚ್ಚಬೇಕೆಂದು ಹೇಳಿದಳು. ಉಂಡೆ ಸಾಕಾಯಿತೇ ಎಂದು ಕೇಳಿದಳು. ಆಮೇಲೆ, ಮಾತು ಬೆಳೆಸುವ ಅಭ್ಯಾಸವಿಲ್ಲದವಳು ಮಾತು ಬೆಳೆಸಲು ನೋಡುವ ಹಾಗೆ, ಮಧ್ಯಾಹ್ನದ ಬೆಳಕು ಮಾತ್ರ ಬೇರೆ ಅಲ್ವಾ, ಬೆಳಗಿನದೂ ಅಲ್ಲ, ಸಂಜೆಯದೂ ಅಲ್ಲ, ಅದು ಬಿದ್ದಾಗ ತನಗೆ ಪ್ರತಿವರ್ಷ ಹಲ್ಲಿನ ಬೇರು ಬೆಚ್ಚಗಾದ ಹಾಗೆ ಆಗುತ್ತದೆ, ನಿನಗೆ ಹೇಗಾಯಿತು ಎಂದು ಕೇಳಿದಳು.

ಕಟ್ಟಿಕೊಂಡಿದ್ದ ಮಾತಿನಲ್ಲಿ ಇದಕ್ಕೆ ಜಾಗ ಇರಲಿಲ್ಲ. ಬೆಚ್ಚಗಾಯಿತು ಎನ್ನಬಹುದಿತ್ತು. ಹುಲ್ಲು ಬೆಚ್ಚಗೇ ಇತ್ತು.

"ಬೀಳಲಿಲ್ಲ, ಅಮ್ಮ," ಎಂದಳು ಫುಮಿ. "ಸೌದೆ ಕೊಟ್ಟಿಗೇಲಿ ನಿದ್ದೆ ಮಾಡಿಬಿಟ್ಟೆ. ಎದ್ದಾಗ ಮುಗಿದಿತ್ತು."

ಬಾಗಿಲಲ್ಲಿದ್ದ ಯೋಸಾಕು ಕೆಮ್ಮಿ ಒಳಗೆ ಹೋದ. ಫುಮಿ ಅವಸರದಿಂದ ಗಂಟು ತೆಗೆದು ಬಿಚ್ಚಿದಳು. ಇಸೊ ಅಜ್ಜಿಗೆ ಎಲ್ಲ ಹೇಳಿದ್ದಾಗಿದೆ, ಎಲ್ಲ ಕೇಳಿಯೂ ಅಜ್ಜಿ ಕೊಟ್ಟಿದ್ದಾಳೆ, ಇಪ್ಪತ್ತೊಂದಾಯಿತು ಅನ್ನು ಅಂದಿದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿ ಕನ್ನಡಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಆಕಾಶದಲ್ಲಿ ಉಳಿದಿದ್ದ ಸ್ವಲ್ಪ ಕೆಂಪು ಅದರಲ್ಲಿ ತುಂಬಿಕೊಂಡಿತು. ಕುರಾ ಅದನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಇಪ್ಪತ್ತು ವರ್ಷ ಸಾಲಿನ ಹಿಂದಿನಿಂದ ನೋಡಿದ್ದನ್ನು ಹತ್ತಿರದಿಂದ ನೋಡುವ ಹಾಗೆ. ಅವಳ ಕೈ ಮೊಣಕಾಲ ಮೇಲಿಂದ ಏಳಲಿಲ್ಲ.

"ಬೇಡ," ಎಂದಳು.

"ಅಜ್ಜೀನೇ ಕೊಟ್ಟಿದ್ದು, ಅಮ್ಮ."

"ನಾನು ನಡೀಲಿಲ್ಲ. ನೀನು ಮಲಗಿದೆ. ಇಬ್ಬರದೂ ಸೇರಿಸಿದರೂ ಒಂದು ದಿನ ಆಗಲ್ಲ."

"ಮುಂದಿನ ವರ್ಷ ಮಸು ಅಕ್ಕನಿಗೆ ಹೋಗುತ್ತೆ."

"ಹೋಗಲಿ," ಎಂದಳು ಕುರಾ. "ನನಗೆ ಬೇಡ."